ಓದುಗರ ಪ್ರಶ್ನೆ: ಲಾಲ್‌ಬಾಗ್‌ನ ಪರಂಪರೆ ಇರುವುದು ಎಲ್ಲಿ?

ಸಸ್ಯೋದ್ಯಾನಗಳ ಪಾರಂಪರಿಕ ಮಹತ್ವವನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಲಾಲ್‌ಬಾಗ್‌ಗೆ ಸಂಬಂಧಿಸಿವೆ. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ದೇವಾಲಯ, ಕೋಟೆ, ಅರಮನೆಗಳನ್ನು ಪಾರಂಪರಿಕ ತಾಣ ಎನ್ನುವುದು ಅರ್ಥವಾಗುತ್ತದೆ. ಅವುಗಳ ಕಲ್ಲು ನೂರಾರು ವರ್ಷ ಹಾಗೆಯೇ ನಿಂತಿರುತ್ತದೆ. ಆದರೆ ಲಾಲ್‌ಬಾಗ್‌ನಲ್ಲಿ ಮರಗಳು ಬೀಳುತ್ತವೆ, ಹೊಸವು ಬರುತ್ತವೆ, ಹೂಪಾತಿಗಳು ಋತುವಿಗೊಮ್ಮೆ ಬದಲಾಗುತ್ತವೆ. ಗಾಜಿನಮನೆಯನ್ನು ಬಿಟ್ಟರೆ ಅಲ್ಲಿ ಹಳೆಯದೆಂದು ಹೇಳಬಹುದಾದದ್ದು ಏನು ಉಳಿದಿದೆ?
— ಓದುಗರೊಬ್ಬರು, ತುಮಕೂರು

ಉತ್ತರ: ಚಾರಿತ್ರಿಕ ಉದ್ಯಾನಗಳ ಸಂರಕ್ಷಣೆಯಲ್ಲಿ ತೊಡಗಿದವರೂ ಬಹುಕಾಲ ಈ ಪ್ರಶ್ನೆಯೊಂದಿಗೆ ಸೆಣಸಿದ್ದಾರೆ. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯ ಆಶ್ರಯದಲ್ಲಿ 1981ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಸೇರಿದ ತಜ್ಞರು ಸಿದ್ಧಪಡಿಸಿದ ಸನ್ನದು, ಚಾರಿತ್ರಿಕ ಉದ್ಯಾನವನ್ನು ಜೀವಂತ ಸ್ಮಾರಕ ಎಂದು ಪರಿಗಣಿಸಿತು. ಉದ್ಯಾನದ ಮುಖ್ಯ ಸಾಮಗ್ರಿಯೇ ಸಸ್ಯವಾದ್ದರಿಂದ ಅದು ನಶಿಸುವುದೂ ಮತ್ತೆ ಚಿಗುರುವುದೂ ಸಹಜವೆಂದು, ಹಾಗಾಗಿ ಇಂಥಲ್ಲಿ ಕಾಪಾಡಬೇಕಾದದ್ದರಲ್ಲಿ ನೆಲದ ವಿನ್ಯಾಸ, ಸಸ್ಯಜಾತಿಗಳ ಆಯ್ಕೆ, ಅವುಗಳ ಅಂತರ ಮತ್ತು ಎತ್ತರದ ಹೊಂದಾಣಿಕೆ, ನೀರಿನ ವ್ಯವಸ್ಥೆ ಇವೆಲ್ಲವೂ ಸೇರುತ್ತವೆಂದು ಅದು ಒಪ್ಪಿಕೊಂಡಿತು. ಮರ ಸತ್ತ ಮಾತ್ರಕ್ಕೆ ಪರಂಪರೆ ಸಾಯುವುದಿಲ್ಲ. ಆ ಮರ ಯಾವುದು, ಎಲ್ಲಿಂದ ಬಂತು, ಅಲ್ಲೇ ಏಕೆ ನೆಟ್ಟರು ಎಂಬ ತಿಳಿವಳಿಕೆ ಅಳಿಸಿಹೋಗಿ, ಅದರ ಜಾಗದಲ್ಲಿ ಕೈಗೆ ಸಿಕ್ಕಿದ ಸಸಿಯೊಂದನ್ನು ನೆಟ್ಟಾಗ ಸಾಯುತ್ತದೆ.

ಕೋಲ್ಕತ್ತದ ಸಸ್ಯೋದ್ಯಾನದ ಪ್ರಸಿದ್ಧ ಆಲದಮರವನ್ನು ಇಲ್ಲಿ ನೆನೆಯಬಹುದು. ಅದರ ಮೂಲಕಾಂಡ ಶಿಲೀಂಧ್ರ ಹತ್ತಿ ಕೊಳೆತದ್ದರಿಂದ 1925ರಲ್ಲಿ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಇಂದು ಆ ಮರ ನಿಂತಿರುವುದು ಬಿಳಲುಗಳ ಮೇಲೆ. ಆದರೂ ಅದನ್ನು ಬೇರೆಯ ಮರವೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅದರ ಬೆಳವಣಿಗೆಯನ್ನು ತಲೆಮಾರಿನಿಂದ ತಲೆಮಾರಿಗೆ ಅಳೆದು ಬರೆದಿಟ್ಟಿದ್ದಾರೆ.

ಲಾಲ್‌ಬಾಗ್‌ನಲ್ಲಿ ಹಳೆಯದು ಬಹಳಷ್ಟು ಉಳಿದಿದೆ. ಹೈದರ್ ಮತ್ತು ಟಿಪ್ಪುವಿನ ಕಾಲದ್ದೆಂದು ಗುರುತಿಸಿರುವ ಮಾವಿನ ಮರಗಳಿವೆ. ಹಲಗೆಯಂತೆ ಚಾಚಿದ ಬೇರುಗಳ ಹಳೆಯ ಬಿಳಿಬೂರುಗವಿದೆ. ಅದರ ಬುಡದಲ್ಲಿ ಒಮ್ಮೆ ನಿಂತು ನೋಡಿ, ಎರಡು ಬೇರುಗಳ ನಡುವಿನ ಸಂದಿನಲ್ಲಿ ಆಳೊಬ್ಬ ಸಲೀಸಾಗಿ ಅಡಗಿಕೊಳ್ಳಬಹುದು. ಗಾಜಿನಮನೆಯ ಸುತ್ತ ಬೇರೆ ಬೇರೆ ಕಾಲದ ಗಣ್ಯರು ನೆಟ್ಟ ಮರಗಳಿವೆ. ಇವುಗಳ ಜೊತೆಗೆ, ನೂರಾರು ವರ್ಷಗಳಿಂದ ಒಂದೇ ನೆಲವನ್ನು ಒಂದೇ ಉದ್ದೇಶಕ್ಕೆ, ಅಂದರೆ ಹೊಸ ಸಸ್ಯವನ್ನು ತಂದು ಬೆಳೆಸಿ ನೋಡುವುದಕ್ಕೆ, ಬಳಸಿಕೊಂಡು ಬಂದ ಅಭ್ಯಾಸವಿದೆ. ನನ್ನ ದೃಷ್ಟಿಯಲ್ಲಿ ಲಾಲ್‌ಬಾಗ್‌ನ ಅತಿ ಹಳೆಯ ಮತ್ತು ಅತಿ ಬೆಲೆಬಾಳುವ ಆಸ್ತಿ ಈ ಅಭ್ಯಾಸವೇ ಆಗಿದೆ.

ಪ್ರಶ್ನೆ: ಲಾಲ್‌ಬಾಗ್ ಹೈದರ್ ಅಲಿಯ ತೋಟವೋ, ಬ್ರಿಟಿಷರ ಸಸ್ಯೋದ್ಯಾನವೋ? ಶಾಲೆಯಲ್ಲಿ ಮಕ್ಕಳಿಗೆ ಹೇಳುವಾಗ ಒಂದೊಂದು ಪುಸ್ತಕ ಒಂದೊಂದು ಹೆಸರನ್ನು ಮುಂದೆ ಮಾಡುತ್ತದೆ.
— ಇತಿಹಾಸದ ಅಧ್ಯಾಪಕಿಯೊಬ್ಬರು, ಹಾಸನ

ಉತ್ತರ: ಎರಡೂ ಹೌದು, ಮತ್ತು ಎರಡಕ್ಕಿಂತ ಹೆಚ್ಚಿನದೂ ಹೌದು. ಶಿರಾದಲ್ಲಿದ್ದ ಮೊಗಲ್ ಶೈಲಿಯ ತೋಟದಿಂದ ಪ್ರೇರಣೆ ಪಡೆದು ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಕೋಟೆಯ ಹೊರಗೆ ಸುಮಾರು 40 ಎಕರೆಯಲ್ಲಿ ತೋಟ ಹಾಕಿಸಿದನೆಂದು, ಟಿಪ್ಪು ಸುಲ್ತಾನ್ ದೂರದೇಶಗಳಿಂದ ಬೀಜ ಮತ್ತು ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನೆಂದು ಚರಿತ್ರೆ ಹೇಳುತ್ತದೆ. ಟಿಪ್ಪು ಮಡಿದ ಮರುವರ್ಷವೇ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಈ ತೋಟಗಳ ಬಗ್ಗೆ ಬರೆದಿಟ್ಟಿರುವ ವಿವರ ಅಮೂಲ್ಯವಾದುದು. ತೋಟವನ್ನು ಚೌಕಚೌಕವಾಗಿ ವಿಂಗಡಿಸಿ, ನಡುವೆ ಕಾಲುದಾರಿ ಬಿಟ್ಟು, ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳನ್ನು ಸಾಲಾಗಿ ನೆಟ್ಟಿದ್ದರು. ಒಂದು ಚೌಕಕ್ಕೆ ಒಂದೇ ಜಾತಿಯ ಗಿಡ ಎಂಬುದು ಅಲ್ಲಿನ ಕ್ರಮವಾಗಿತ್ತು. ಒಂದು ಮಡಿ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ. ದ್ರಾಕ್ಷಿ ಹುಲುಸಾಗಿ ಹಬ್ಬುತ್ತಿತ್ತು, ಸೇಬು ಫಲ ಕೊಡುತ್ತಿತ್ತು. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಿಂದ ಆಗಷ್ಟೇ ಬಂದಿದ್ದ ಪೈನ್ ಮತ್ತು ಓಕ್ ಸಸಿಗಳು ಬೇರೂರಿ ಚೇತರಿಸಿಕೊಳ್ಳುತ್ತಿದ್ದವು.

ಹೊರನಾಡಿನ ಗಿಡ ನಮ್ಮ ಮಣ್ಣಿಗೆ ಒಗ್ಗೀತೇ ಎಂದು ಪರೀಕ್ಷಿಸುವ ಕೆಲಸ, ಯುರೋಪಿನ ಸಸ್ಯವಿಜ್ಞಾನಿಗಳು ಈ ನೆಲದ ಆಡಳಿತಕ್ಕೆ ಬರುವ ಮೊದಲೇ ನಡೆದಿತ್ತೆಂಬುದಕ್ಕೆ ಬುಕಾನನ್ನನ ಈ ವಿವರ ಬಲ ಕೊಡುತ್ತದೆ. ಮುಂದಿನದೆಲ್ಲ ಅದರ ಮುಂದುವರಿಕೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್ ಇಲ್ಲಿ ಕೆಲಸ ಮಾಡಿದರು. ಮೇಜರ್ ಗಿಲ್ಬರ್ಟ್ ವಾ ಎಂಬವರ ಕೈಯಲ್ಲಿದ್ದ ತೋಟ 1819ರಲ್ಲಿ ಕಂಪನಿಗೆ ಸೇರಿ, ಕೆಲವು ಕಾಲ ಕಲ್ಕತ್ತಾ ಉದ್ಯಾನದ ನಂಟಿನಲ್ಲಿತ್ತು. ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘವೊಂದು ಅದನ್ನು ನೋಡಿಕೊಂಡಿತು. 1856ರಲ್ಲಿ, ಸಸ್ಯವಿಜ್ಞಾನಿ ಹ್ಯೂ ಕ್ಲೆಗ್‌ಹಾರ್ನ್ ಅವರ ಸಲಹೆಯ ಮೇರೆಗೆ, ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಅದರ ಮೇಲ್ವಿಚಾರಣೆಗೆ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದರು. 1874ರಿಂದ 1908ರವರೆಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಜಾನ್ ಕ್ಯಾಮರಾನ್, ಅನಂತರ 1932ರವರೆಗೆ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಬಳಿಕ ಈ ಹುದ್ದೆಗೇರಿದ ಮೊದಲ ಭಾರತೀಯರಾದ ಎಚ್.ಸಿ. ಜವರಾಯ, ಸ್ವಾತಂತ್ರ್ಯಾನಂತರ ಎಂ.ಎಚ್. ಮರಿಗೌಡ — ಹೀಗೆ ಕೈಯಿಂದ ಕೈಗೆ ದಾಟಿ ಬಂದ ತೋಟ ಇದು. ಇವರಲ್ಲಿ ಯಾರೂ ಹಿಂದಿನವರ ಕೆಲಸವನ್ನು ಅಳಿಸಿ ಮೊದಲಿನಿಂದ ಶುರುಮಾಡಲಿಲ್ಲ. ಮಕ್ಕಳಿಗೆ ಹೇಳುವಾಗ ಒಬ್ಬರ ಹೆಸರನ್ನು ಆರಿಸಿಕೊಳ್ಳುವ ಬದಲು ಈ ಸಾಲನ್ನೇ ಹೇಳಿ ಎಂದು ನನ್ನ ವಿನಂತಿ. ಈ ಸಾಲಿನಲ್ಲಿ ಹೆಸರಿಲ್ಲದೆ ಹೋದವರು ಗುಂಡಿ ತೋಡಿದ, ನೀರು ಹೊತ್ತ, ಕಸಿ ಕಟ್ಟಿದ ಮಾಲಿಗಳು. ಅವರನ್ನೂ ಸೇರಿಸಿ ಹೇಳಿ.

ಪ್ರಶ್ನೆ: ಬೆಂಗಳೂರಿನವರಿಗೆ ಲಾಲ್‌ಬಾಗ್ ವಾಯುವಿಹಾರದ ಜಾಗ. ಹಳ್ಳಿಯಲ್ಲಿ ಬೇಸಾಯ ಮಾಡುವ ನಮಗೂ ಅದಕ್ಕೂ ಏನು ಸಂಬಂಧ?
— ರೈತರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಹೊಲಕ್ಕೂ ಲಾಲ್‌ಬಾಗ್‌ಗೂ ಇರುವ ನಂಟು ವಾಯುವಿಹಾರಿಗಳ ನಂಟಿಗಿಂತ ಗಟ್ಟಿಯಾದುದು. ಹತ್ತೊಂಬತ್ತನೆಯ ಶತಮಾನದ ಸಸ್ಯೋದ್ಯಾನವೆಂದರೆ ಅಲಂಕಾರದ ತೋಟವಷ್ಟೇ ಆಗಿರಲಿಲ್ಲ. ಯಾವ ಬೆಳೆ ಈ ಹವೆಗೆ ಒಗ್ಗುತ್ತದೆ, ಎಷ್ಟು ಇಳುವರಿ ಕೊಡುತ್ತದೆ, ಯಾವ ರೋಗಕ್ಕೆ ತುತ್ತಾಗುತ್ತದೆ ಎಂದು ಮೊದಲು ಸರ್ಕಾರಿ ನೆಲದಲ್ಲಿ, ಸರ್ಕಾರಿ ಖರ್ಚಿನಲ್ಲಿ ಬೆಳೆದು ನೋಡಿ, ಗೆದ್ದದ್ದನ್ನು ಮಾತ್ರ ರೈತರಿಗೆ ಹಂಚುವ ಪ್ರಯೋಗಶಾಲೆ ಅದಾಗಿತ್ತು. ಹೊಸ ಬೆಳೆಯ ನಷ್ಟ ರೈತನ ಮನೆಗೆ ಬರುವ ಮುನ್ನ ತೋಟದ ಲೆಕ್ಕದಲ್ಲೇ ಮುಗಿಯುತ್ತಿತ್ತು ಎಂಬುದನ್ನು ಗಮನಿಸಿ.

ಸೀಮೆಬದನೆಕಾಯಿಯನ್ನೇ ತೆಗೆದುಕೊಳ್ಳಿ. ಮಧ್ಯ ಅಮೆರಿಕ ಮೂಲದ ಈ ಬಳ್ಳಿಯನ್ನು ಇಲ್ಲಿ ಬೆಳೆಸಿ ಬಳಕೆಗೆ ತಂದವರು ಕ್ಯಾಮರಾನ್. ಅದರ ಕಾಯಿಯ ರಚನೆ ವಿಶಿಷ್ಟವಾದುದು: ಒಳಗಿರುವುದು ಒಂದೇ ಚಪ್ಪಟೆ ಬೀಜ, ಅದು ಕಾಯಿಯಿಂದ ಬಿಡಿಸಿಕೊಳ್ಳುವುದಿಲ್ಲ, ಕಾಯಿಯ ಒಳಗೇ ಮೊಳೆತು ತುದಿಯಿಂದ ಕುಡಿ ಚಾಚುತ್ತದೆ. ಹಾಗಾಗಿ ಒಣಬೀಜವನ್ನು ಪೊಟ್ಟಣ ಕಟ್ಟಿ ಕಳಿಸುವಂತಿಲ್ಲ. ಇಡೀ ಕಾಯಿಯನ್ನೇ ಬಿತ್ತನೆಗೆ ಕೊಡಬೇಕು. ಇಂಥ ಬೆಳೆ ನೆಲೆಗೊಳ್ಳಬೇಕಾದರೆ ಬಳ್ಳಿಯನ್ನು ಬೆಳೆಸಿ ಕಾಯಿಗಳನ್ನು ಪೂರೈಸುವ ಒಂದು ಕೇಂದ್ರವಿರಲೇಬೇಕು. ಬೆಂಗಳೂರಿನ ಸುತ್ತ ಅದು ಎಷ್ಟು ಚೆನ್ನಾಗಿ ಹಬ್ಬಿತೆಂದರೆ, ಹೊರಗಿನ ಊರುಗಳಲ್ಲಿ ಅದಕ್ಕೆ ಬೆಂಗಳೂರು ಬದನೆ ಎಂಬ ಹೆಸರೇ ನಿಂತಿತು. ಸಾಗುವಿನಲ್ಲಿ, ಕೂಟಿನಲ್ಲಿ ಅದನ್ನು ಉಣ್ಣುವ ನಮಗೆ ಅದು ಹೊರಗಿನಿಂದ ಬಂದದ್ದೆಂಬ ನೆನಪೇ ಇಲ್ಲ. ತಂದ ಬೆಳೆ ನೆಲದ್ದೇ ಆಗಿಹೋಗುವಷ್ಟು ಯಶಸ್ಸನ್ನು ಬೇರೆ ಯಾವ ಸ್ಮಾರಕಕ್ಕೆ ಹೇಳಬಹುದು?

ಈ ಕೆಲಸ ಮುಂದೆ ಇನ್ನೊಂದು ರೂಪ ತಾಳಿತು. ಮರಿಗೌಡರು ಲಾಲ್‌ಬಾಗನ್ನು ಕೇಂದ್ರವಾಗಿಟ್ಟುಕೊಂಡು ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಪಾಲನಾ ಕ್ಷೇತ್ರಗಳನ್ನೂ ತೆರೆಸಿದರು. ಮಾದರಿ ತೋಟ, ಸಸಿ ಬೆಳೆಸುವ ನರ್ಸರಿ, ಮಣ್ಣು ಹಾಗೂ ರೋಗ ಪರೀಕ್ಷೆಯ ಪ್ರಯೋಗಾಲಯ, ಬೆಳೆಗಾರರ ಸಹಕಾರ ಸಂಘ — ಈ ನಾಲ್ಕು ಅಂಗಗಳು ಕೂಡಿ ನಡೆಯಬೇಕೆಂಬುದು ಅವರ ಕಲ್ಪನೆ. ತೋಟಗಾರಿಕೆ ಇಲಾಖೆಯ ಕೇಂದ್ರ ಕಚೇರಿ ಇಂದಿಗೂ ಲಾಲ್‌ಬಾಗ್‌ನಲ್ಲಿಯೇ ಇರುವುದು ಈ ಚರಿತ್ರೆಯ ಫಲ. ಕಸಿಮಾವಿನ ಸಸಿಗಾಗಿ ನಿಮ್ಮ ತಾಲ್ಲೂಕಿನ ಇಲಾಖಾ ಕ್ಷೇತ್ರಕ್ಕೆ ನೀವು ಹೋಗುವಾಗ, ನಿಮ್ಮ ಅರಿವಿಗೆ ಬಾರದಿದ್ದರೂ ಲಾಲ್‌ಬಾಗ್‌ನ ಒಂದು ಟಿಸಿಲಿಗೇ ಹೋಗುತ್ತಿದ್ದೀರಿ.

ಸಿಂಗಪುರದ ಸಸ್ಯೋದ್ಯಾನವನ್ನು 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮುಖ್ಯವಾಗಿ ಪರಿಗಣಿಸಿದ ಅಂಶಗಳಲ್ಲಿ, ಆಗ್ನೇಯ ಏಷ್ಯದ ರಬ್ಬರ್ ಬೇಸಾಯಕ್ಕೆ ಅದು ನೀಡಿದ ಕೊಡುಗೆಯೂ ಒಂದು. ಅದೇ ಮಾನದಂಡದಿಂದ ನೋಡಿದರೆ, ಒಂದು ಪ್ರಾಂತದ ಊಟ ಮತ್ತು ಬೇಸಾಯವನ್ನು ಬದಲಿಸಿದ ಲಾಲ್‌ಬಾಗ್‌ನ ಪಾತ್ರವನ್ನು ನಾವು ಇನ್ನೂ ಸರಿಯಾಗಿ ಎತ್ತಿ ಹೇಳಿಲ್ಲವೆಂಬುದು ನನ್ನ ಕೊರಗು.

ಪ್ರಶ್ನೆ: ಉದ್ಯಾನಕ್ಕೂ ಸಸ್ಯೋದ್ಯಾನಕ್ಕೂ ವ್ಯತ್ಯಾಸವೇನು? ಎರಡರಲ್ಲೂ ಮರ, ಹುಲ್ಲುಹಾಸು, ಬೆಂಚು ಇರುತ್ತವಲ್ಲ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ವ್ಯತ್ಯಾಸ ಇರುವುದು ದಾಖಲೆಯಲ್ಲಿ. ಸಸ್ಯೋದ್ಯಾನದಲ್ಲಿ ಪ್ರತಿಯೊಂದು ಗಿಡಕ್ಕೂ ಒಂದು ಸಂಖ್ಯೆ, ಸಸ್ಯಶಾಸ್ತ್ರೀಯ ಹೆಸರು, ಕುಟುಂಬ, ಮೂಲನೆಲೆ, ಬಂದ ವರ್ಷ ಮತ್ತು ಬಂದ ಮೂಲ ಇವುಗಳ ನಮೂದು ಇರಬೇಕು. ಮರದ ಕಾಂಡಕ್ಕೆ ತಗುಲಿಸಿದ ಚಿಕ್ಕ ತಗಡಿನ ಫಲಕ ಆ ನಮೂದಿನ ಹೊರಗಿನ ಗುರುತು. ವಿಲಿಯಂ ನ್ಯೂ ಮತ್ತು ಕ್ಯಾಮರಾನ್ ಇಬ್ಬರೂ ತಮ್ಮ ತಮ್ಮ ಕಾಲದ ಸಸ್ಯಗಳ ಪಟ್ಟಿಯನ್ನು ಮುದ್ರಿಸಿದರು. ಇಂದಿನ ಸಂಶೋಧಕರು ಅಂಥ ಪಟ್ಟಿಯನ್ನು ಹಿಡಿದು ತೋಟ ಸುತ್ತಿದರೆ, ಯಾವುದು ಉಳಿದಿದೆ, ಯಾವುದು ಕಳೆದುಹೋಗಿದೆ ಎಂದು ಜಾತಿವಾರು ಹೇಳಬಹುದು. ಬರಿಯ ಪಾರ್ಕಿನಲ್ಲಿ ಇದು ಸಾಧ್ಯವಿಲ್ಲ.

ಇದರೊಂದಿಗೆ ಸೇರಿಸಬೇಕಾದ ಇನ್ನೊಂದು ಸಂಗತಿ ಚೆಲುವಯ್ಯರಾಜು ಅವರ ಸಸ್ಯಚಿತ್ರಗಳು. ಉದ್ಯಾನದಲ್ಲಿದ್ದ ಗಿಡಗಳ ಹೂ, ಕಾಯಿ, ಎಲೆಗಳನ್ನು ಎದುರಿಗಿಟ್ಟುಕೊಂಡು ಅವರು ಬರೆದ ಈ ಚಿತ್ರಗಳು ಕಲೆಯೂ ಹೌದು, ಸಾಕ್ಷ್ಯವೂ ಹೌದು. ಒಣಗಿಸಿಟ್ಟ ಮಾದರಿಯಲ್ಲಿ ಹೂವಿನ ಬಣ್ಣ ಮಾಸುತ್ತದೆ. ಚಿತ್ರದಲ್ಲಿ ಅದು ಉಳಿಯುತ್ತದೆ. ಪರಂಪರೆಯ ಮಾತು ಬಂದಾಗಲೆಲ್ಲ ಗಾಜಿನಮನೆಯ ಛಾಯಾಚಿತ್ರವೇ ಕಾಣಿಸಿಕೊಳ್ಳುತ್ತದೆ. ಈ ಚಿತ್ರಗಳೂ ಅಷ್ಟೇ ಪ್ರಚಾರಕ್ಕೆ ಬರಬೇಕಿತ್ತು.

ಪ್ರಶ್ನೆ: ಗಾಜಿನಮನೆಯ ಮಹತ್ವವೇನು? ಅದು ಲಂಡನ್ನಿನ ನಕಲು ಎನ್ನುತ್ತಾರೆ.
— ಓದುಗರೊಬ್ಬರು, ಮೈಸೂರು

ಉತ್ತರ: ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಪ್ರೇರಣೆ ಎಂಬುದು ನಿಜ. ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಎರಕದ ಕಬ್ಬಿಣದ ಭಾಗಗಳು ಗ್ಲ್ಯಾಸ್ಗೊ ನಗರದ ಸ್ಯಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಆದರೆ ಬಳಕೆಯಲ್ಲಿ ಅದು ನಮ್ಮದೇ ಆಯಿತು. ಚಳಿನಾಡಿನ ಗಾಜಿನಮನೆ ಉಷ್ಣವಲಯದ ಗಿಡಗಳನ್ನು ಬೆಚ್ಚಗಿಡಲು ಕಟ್ಟಿದ್ದು. ಬೆಂಗಳೂರಿನ ಹವೆಗೆ ಅದರ ಅಗತ್ಯವಿರಲಿಲ್ಲ. ಹಾಗಾಗಿ ಇಲ್ಲಿ ಅದು ಸಾರ್ವಜನಿಕ ಸಭಾಂಗಣವಾಗಿ, ಫಲಪುಷ್ಪ ಪ್ರದರ್ಶನದ ಮಂಟಪವಾಗಿ ಬೆಳೆಯಿತು, 1935ರಲ್ಲಿ ವಿಸ್ತರಣೆಯನ್ನೂ ಕಂಡಿತು. ಮೂಲ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಬೆಂಕಿಗೆ ಆಹುತಿಯಾಯಿತು; ನಮ್ಮದು ಬಳಕೆಯಲ್ಲಿದೆ.

ಪ್ರಶ್ನೆ: ಲಾಲ್‌ಬಾಗ್‌ನ ಬಂಡೆಗೂ ತೋಟಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಬಂಡೆ ತೋಟದ ಗಡಿಯೊಳಗೆ ಬಂದದ್ದು 1891ರಲ್ಲಿ, ಕ್ಯಾಮರಾನ್ ಕಾಲದ ವಿಸ್ತರಣೆಯಲ್ಲಿ. ಅದರ ನೆತ್ತಿಯ ಮೇಲಿರುವ ಗೋಪುರ, ಬೆಂಗಳೂರಿನ ಎಲ್ಲೆಯನ್ನು ಸೂಚಿಸಲು ಕೆಂಪೇಗೌಡರ ವಂಶದವರು ಕಟ್ಟಿಸಿದ ನಾಲ್ಕು ಗೋಪುರಗಳಲ್ಲಿ ಒಂದು. ಬಂಡೆಯೋ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಪೆನಿನ್ಸುಲರ್ ನೈಸ್ ಎಂಬ ಶಿಲೆಯ ಪ್ರಾತಿನಿಧಿಕ ನೆಲೆಯೆಂದು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಗುರುತಿಸಿದೆ. ಒಂದೇ ಆವರಣದಲ್ಲಿ ಭೂಮಿಯ ಚರಿತ್ರೆ, ಊರಿನ ಚರಿತ್ರೆ, ಸಸ್ಯದ ಚರಿತ್ರೆ ಮೂರೂ ಇರುವ ಜಾಗ ಅಪರೂಪ.

ಪ್ರಶ್ನೆ: ಇಷ್ಟೆಲ್ಲ ಮಹತ್ವವಿದ್ದರೆ ಕಾನೂನಿನ ರಕ್ಷಣೆ ಸಾಕಷ್ಟಿದೆಯೇ?
— ನಿವೃತ್ತ ಸರ್ಕಾರಿ ನೌಕರರೊಬ್ಬರು, ಬೆಂಗಳೂರು

ಉತ್ತರ: ನೆಲಕ್ಕೆ ರಕ್ಷಣೆ ಇದೆ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ನ ಜಾಗವನ್ನು ಮಾರುವುದಕ್ಕಾಗಲಿ, ಗುತ್ತಿಗೆ ಕೊಡುವುದಕ್ಕಾಗಲಿ, ಪರಭಾರೆ ಮಾಡುವುದಕ್ಕಾಗಲಿ ತಡೆ ಒಡ್ಡುತ್ತದೆ. ಆದರೂ 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಲಾಲ್‌ಬಾಗ್‌ನ ಅಂಚಿನ ಗೋಡೆ ಒಡೆದು ಮರಗಳನ್ನು ಕಡಿದದ್ದನ್ನು, ಅದನ್ನು ವಿರೋಧಿಸಿ ನಾಗರಿಕರು ಬೀದಿಗಿಳಿದದ್ದನ್ನು ಕಂಡಿದ್ದೇವೆ. ಕಾಯ್ದೆಯ ಬಲ ಜನರ ಎಚ್ಚರದಷ್ಟೇ.

ನನ್ನನ್ನು ಹೆಚ್ಚು ಕಾಡುವುದು ಸಂಗ್ರಹಕ್ಕೆ, ಅಂದರೆ ಸಸ್ಯಗಳ ಆಯ್ಕೆಗೆ ಮತ್ತು ದಾಖಲೆಗೆ, ಕಾಯ್ದೆಯಲ್ಲಿ ರಕ್ಷಣೆ ಇಲ್ಲದಿರುವುದು. ಒಂದು ಎಕರೆ ಹೋದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ರಾಜ್ಯದಲ್ಲಿ ಬೇರೆಲ್ಲೂ ಇರದ ಒಂದು ಜಾತಿಯ ಕೊನೆಯ ಮರ ಗಾಳಿಮಳೆಗೆ ಉರುಳಿದರೆ ಸೌದೆಯ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಕಟ್ಟಡಗಳ ಪಾಡೂ ಭಿನ್ನವಲ್ಲ. ತೋಟಗಾರಿಕೆಯ ಪಾಠ ನಡೆಯುತ್ತಿದ್ದ, ಕ್ರುಂಬಿಗಲ್ ಹೆಸರಿನ ಹಳೆಯ ಸಭಾಂಗಣ ದುರಸ್ತಿಗಾಗಿ ಕಾಯುತ್ತಲೇ 2017ರಲ್ಲಿ ಕುಸಿದುಬಿತ್ತು. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಫಲಪುಷ್ಪ ಪ್ರದರ್ಶನಗಳಿಗೆ ಬರುವ ಜನಸಾಗರ ಸಂತೋಷದ ವಿಷಯವೇ. ಉದ್ಯಾನವನ್ನು ಜನರ ಮನಸ್ಸಿನಲ್ಲಿ ಜೀವಂತವಾಗಿಟ್ಟಿರುವುದರಲ್ಲಿ ಅವುಗಳ ಪಾಲು ದೊಡ್ಡದು. ಆದರೆ ಹೂವಿನ ಕುಂಡಗಳಿಗೆ ಸಿಗುವ ಗಮನದ ಒಂದು ಪಾಲಾದರೂ ಹಳೆಯ ಮರಗಳ ಬೀಜ ಸಂಗ್ರಹಕ್ಕೆ, ಅವುಗಳಿಂದಲೇ ಕಸಿ ಕಟ್ಟಿ ಮರುಸಸಿ ಬೆಳೆಸುವುದಕ್ಕೆ, ಸಸ್ಯಪಟ್ಟಿಯ ಪರಿಷ್ಕರಣೆಗೆ ಸಿಗಬೇಕು. ಒಂದು ಹಳೆಯ ಮರ ಬಿದ್ದ ಮೇಲೆ ಅದರ ಸಂತತಿಯನ್ನು ಹುಡುಕಲು ಹೊರಡುವುದು ತಡವಾದ ಕೆಲಸ.

ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದಲ್ಲಿಯೂ ಮಹಾರಾಜರ ಕಾಲದ ಒಂದು ತೋಟವಿದೆ. ದೊಡ್ಡ ದೊಡ್ಡ ಮರಗಳಿವೆ, ಫಲಕಗಳಿಲ್ಲ. ಅದರ ಪಾರಂಪರಿಕ ಮಹತ್ವವನ್ನು ಸ್ಥಾಪಿಸಲು ಸಾಮಾನ್ಯ ನಾಗರಿಕರು ಏನು ಮಾಡಬಹುದು?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಮನವಿಪತ್ರ ಬರೆಯುವ ಮೊದಲು ಪಟ್ಟಿ ಮಾಡಿ. ತೋಟದ ಒಂದು ನಕ್ಷೆ ಬರೆದು ಪ್ರತಿ ದೊಡ್ಡ ಮರಕ್ಕೂ ಸಂಖ್ಯೆ ಕೊಡಿ. ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಎಲೆ, ಹೂ, ಕಾಯಿ, ತೊಗಟೆಗಳ ಚಿತ್ರ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಹೆಸರು ಖಚಿತಪಡಿಸಿಕೊಳ್ಳಿ. ಸುತ್ತಳತೆ ನೋಡಿ ವಯಸ್ಸು ಹೇಳುವ ಆತುರ ಬೇಡ. ನೀರಿನ ಪಸೆಯಲ್ಲಿ ಬೆಳೆದ ಮಳೆಮರ ಕೆಲವೇ ದಶಕಗಳಲ್ಲಿ ದೈತ್ಯವಾಗುತ್ತದೆ, ಒಣನೆಲದ ಹುಣಸೆ ಅದೇ ಅವಧಿಯಲ್ಲಿ ಸಾಧಾರಣ ಗಾತ್ರದಲ್ಲೇ ಉಳಿಯುತ್ತದೆ. ಮರಗಳು ನಿಂತಿರುವ ಸಾಲನ್ನು ಗಮನಿಸಿ. ನೇರ ಸಾಲು, ಸಮಾನ ಅಂತರ, ನಡುವೆ ಹಳೆಯ ಕಾಲುವೆಯ ಅಥವಾ ಬಾವಿಯ ಕುರುಹು ಕಂಡರೆ ಅದು ಯೋಜಿತ ತೋಟದ ಗುರುತು.

ಬಳಿಕ ಕಾಗದಪತ್ರಗಳ ಕಡೆ ತಿರುಗಿ. ಹಳೆಯ ಗೆಜೆಟಿಯರುಗಳು, ಮೈಸೂರು ಸಂಸ್ಥಾನದ ಆಡಳಿತ ವರದಿಗಳು, ರಾಜ್ಯ ಪತ್ರಾಗಾರದ ಕಡತಗಳು, ಕಂದಾಯ ಇಲಾಖೆಯ ಹಳೆಯ ಸರ್ವೆ ನಕ್ಷೆಗಳು ಇವುಗಳಲ್ಲಿ ಒಂದು ಸಾಲು ಸಿಕ್ಕರೂ ಅದು ಹತ್ತು ಊಹೆಗಳಿಗಿಂತ ಮೇಲು. ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಮಾಲಿಗಳನ್ನು ಹುಡುಕಿ ಮಾತಾಡಿಸಿ. ಯಾವ ಮರದ ಸಸಿ ಎಲ್ಲಿಂದ ಬಂತೆಂಬುದು ಅನೇಕ ಸಲ ಅವರ ನೆನಪಿನಲ್ಲಿ ಮಾತ್ರ ಇರುತ್ತದೆ.

ಸಾಕ್ಷ್ಯ ಕೈಗೂಡಿದ ಮೇಲೆ 2002ರ ಜೀವವೈವಿಧ್ಯ ಕಾಯ್ದೆಯ ದಾರಿ ತೆರೆದಿದೆ. ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಜೀವವೈವಿಧ್ಯ ಪಾರಂಪರಿಕ ತಾಣವನ್ನು ಘೋಷಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ದೇಶದಲ್ಲಿ ಮೊಟ್ಟಮೊದಲು ಈ ಮನ್ನಣೆ ಪಡೆದದ್ದು ನಮ್ಮ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ಬಳಿಕ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೂ ಅದು ದೊರೆಯಿತು. ನಿಮ್ಮ ಪಟ್ಟಿ, ನಕ್ಷೆ ಮತ್ತು ದಾಖಲೆಗಳ ಪ್ರತಿಯೊಂದಿಗೆ ನಿಮ್ಮ ನಗರಸಭೆಯ ಅಥವಾ ಪುರಸಭೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಮೊದಲು ಅರ್ಜಿ ಕೊಡಿ, ಅದರ ಪ್ರತಿಯನ್ನು ಕರ್ನಾಟಕ ಜೀವವೈವಿಧ್ಯ ಮಂಡಳಿಗೂ ಜಿಲ್ಲಾ ತೋಟಗಾರಿಕೆ ಉಪನಿರ್ದೇಶಕರ ಕಚೇರಿಗೂ ಕಳಿಸಿ, ಮತ್ತು ಸ್ವೀಕೃತಿ ಪತ್ರವನ್ನು ಜೋಪಾನವಾಗಿಟ್ಟುಕೊಳ್ಳಿ. ಅರ್ಜಿ ಇತ್ಯರ್ಥವಾಗುವವರೆಗೆ ಕಾಯಬೇಕಾಗಿಲ್ಲ. ಅತಿ ಹಳೆಯದೆಂದು ತೋರುವ ಮರಗಳ ಬೀಜವನ್ನು ಈ ಹಂಗಾಮಿನಲ್ಲೇ, ತೋಟದ ಅಧಿಕಾರಿಯ ಅನುಮತಿ ಪಡೆದು, ಕೂಡಿಸಿ ಸಸಿ ಮಾಡಲು ಕೊಡಿ, ಯಾವ ಸಸಿ ಯಾವ ಸಂಖ್ಯೆಯ ಮರದ್ದೆಂದು ಅದೇ ಪಟ್ಟಿಯಲ್ಲಿ ಬರೆದಿಡಿ.